ನಾಯಿಯಾದ ಭಕ್ತ, ಸತಿಯಾದ ಶರಣ: ಗಡಿನಾಡಿನಲ್ಲಿ ರೂಪಾಂತರದ ಒಲವು

ನಮ್ಮ ಮನೆಗಳ ಮಕ್ಕಳು ಓದಿಗಾಗಿ, ನೌಕರಿಗಾಗಿ ಪುಣೆ, ಸೊಲ್ಲಾಪುರ, ಬೆಂಗಳೂರುಗಳಿಗೆ ಹೋಗಿ ಬರುವಾಗ ತಮ್ಮೊಡನೆ ಹೊಸ ಓದನ್ನೂ ತರುತ್ತಾರೆ. ಇತ್ತೀಚೆಗೆ ಅಂಥ ಒಬ್ಬ ತರುಣ ನಮ್ಮ ಮುಂದಿಟ್ಟ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ತೋಳವಾಗಿ, ಕರಡಿಯಾಗಿ, ಹುಲಿಯಾಗಿ ರೂಪ ಬದಲಿಸಬಲ್ಲ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಪ್ರೀತಿಸುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಈಗ ರಾಶಿಗಟ್ಟಲೆ ಬರುತ್ತಿವೆಯಂತೆ. “ನಮ್ಮ ಕಡೆ ಇಂಥದ್ದೇನಾದರೂ ಇತ್ತೇ, ಅಥವಾ ಇದೆಲ್ಲ ಹೊರಗಿನಿಂದ ಬಂದದ್ದೇ?” ಎಂಬುದು ಆತನ ಪ್ರಶ್ನೆ. ನಕ್ಕು ತಳ್ಳಿಹಾಕುವುದು ಸುಲಭವಿತ್ತು. ಆದರೆ ಕೇಳಿದವನ ಮುಖ ನೋಡಿದಾಗ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲವೆಂದು ನಮಗೆ ತೋರಿತು. ಆದುದರಿಂದ ನಮಗೆ ತಿಳಿದ ಮಟ್ಟಿಗೆ, ನಮ್ಮ ನೆಲದ ಇತಿಹಾಸವನ್ನೇ ಹಿಡಿದು ಉತ್ತರ ಹುಡುಕಲು ಹೊರಟಿದ್ದೇವೆ.

ಮೊದಲಿಗೆ ಹೊರಗಿನ ಮಾತು. ಯುರೋಪಿನಲ್ಲಿ ಈ ಬಗೆಯ ಕತೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಎಂಬ ಕವಯಿತ್ರಿ ‘ಬಿಸ್ಕ್ಲಾವ್ರೆ’ ಎಂಬ ಕಥನಕಾವ್ಯ ಬರೆದಳು. ವಾರದಲ್ಲಿ ಮೂರು ದಿನ ತೋಳವಾಗುವ ಒಬ್ಬ ಸರದಾರನ ಕತೆ ಅದು. ಅವನ ಗುಟ್ಟು ತಿಳಿದ ಹೆಂಡತಿ ಅವನ ಬಟ್ಟೆಗಳನ್ನು ಕದಿಸುತ್ತಾಳೆ. ಬಟ್ಟೆಯಿಲ್ಲದೆ ಅವನು ಮತ್ತೆ ಮನುಷ್ಯನಾಗಲಾರ. ಕಾಡಿನಲ್ಲಿ ಬೇಟೆಗೆ ಬಂದ ಅರಸನ ಪಾದವನ್ನು ಆ ತೋಳ ಮುತ್ತಿಡುತ್ತದೆ. ಅರಸ ಅದನ್ನು ಅರಮನೆಗೆ ತಂದು ಬಳಿಯಲ್ಲೇ ಮಲಗಿಸಿಕೊಳ್ಳುತ್ತಾನೆ. ಕೊನೆಗೆ ಬಟ್ಟೆ ದೊರೆತು, ಏಕಾಂತವೂ ದೊರೆತಾಗ, ಅರಸನ ಹಾಸಿಗೆಯ ಮೇಲೆಯೇ ಅವನು ಮನುಷ್ಯರೂಪದಲ್ಲಿ ಮಲಗಿರುವುದು ಕಾಣುತ್ತದೆ. ಅರಸ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಇದನ್ನು ಒಡೆಯ ಮತ್ತು ಸೇವಕರ ನಿಷ್ಠೆಯೆಂದು ಓದಿದವರಿದ್ದಾರೆ, ಒಲವೆಂದು ಓದಿದವರೂ ಇದ್ದಾರೆ. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ನಡೆದುದನ್ನು ಮುಂದೆ ನೋಡೋಣ.

ಪ್ರೇಮಕ್ಕಾಗಿ ಮೃಗವಾಗುವುದು ಏಕೆ? ನಮ್ಮ ಮಹಾಭಾರತವೇ ಇದಕ್ಕೆ ಒಂದು ಉತ್ತರ ಕೊಟ್ಟಿದೆ. ಪಾಂಡುರಾಜನ ಬಾಣಕ್ಕೆ ಸಿಕ್ಕ ಜಿಂಕೆ ನಿಜವಾಗಿ ಕಿಂದಮನೆಂಬ ಋಷಿ. ಮನುಷ್ಯರ ನಡುವೆ ನಾಚಿಕೆಯಾಗಿ, ಕಾಡಿನಲ್ಲಿ ಜಿಂಕೆಯ ರೂಪ ತಾಳಿ ಸಂಗಾತಿಯೊಡನೆ ಕೂಡಿದ್ದವನು. ಪಂಪನು 941ರ ತನ್ನ ಭಾರತದಲ್ಲಿಯೂ ಈ ಪ್ರಸಂಗವನ್ನು ತಂದಿದ್ದಾನೆ. ಅಲ್ಲಿಯದು ಹೆಣ್ಣು–ಗಂಡಿನ ಕೂಟವೇ. ಆದರೂ ಕತೆಯ ಒಳಗಿನ ತಿಳಿವು ದೊಡ್ಡದು: ಮನುಷ್ಯರೂಪದಲ್ಲಿ ಒಲವಿಗೆ ಎಡೆಯಿಲ್ಲದಾಗ ದೇಹ ಬೇರೊಂದು ರೂಪವನ್ನು ಹುಡುಕುತ್ತದೆ. ಆ ರೂಪವೂ ಪೂರ್ತಿ ಸುರಕ್ಷಿತವಲ್ಲ. ಬೇಟೆಗಾರನ ಬಾಣ ಅಲ್ಲಿಗೂ ಬರುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ತೇರಣಾ ನದಿಯ ದಂಡೆಯ ಮಾಕಣಿಯಲ್ಲಿ ನಿಂತು ನೋಡಿದರೆ ದಕ್ಷಿಣಕ್ಕೆ ನಳದುರ್ಗ, ಪೂರ್ವಕ್ಕೆ ಬಸವಕಲ್ಯಾಣ, ಅದರಾಚೆ ಭಾಲ್ಕಿ ತಾಲೂಕಿನ ಖಾನಾಪುರ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗೆರೆ ಬಿದ್ದದ್ದು ನಕಾಶೆಯ ಮೇಲೆ. ಮೈಲಾರನ ಒಕ್ಕಲಿಗೆ ಆ ಗೆರೆ ಎಂದೂ ಲೆಕ್ಕಕ್ಕೆ ಬರಲಿಲ್ಲ. ಕನ್ನಡಿಗರ ಮೈಲಾರಲಿಂಗ, ಮೈಲಾರ ಮಲ್ಲಣ್ಣ. ಮರಾಠಿಗರ ಖಂಡೋಬಾ, ಮಲ್ಹಾರಿ. ದೇವರು ಒಬ್ಬನೇ. ನಳದುರ್ಗದ ಬಳಿಯ ಅವನ ನೆಲೆಗೆ ಇಂದಿಗೂ ಮೈಲಾರಪುರವೆಂದೇ ಹೆಸರು. ಅಲ್ಲಿಯ ಉತ್ಸವಮೂರ್ತಿ ವರ್ಷದ ಹೆಚ್ಚು ಕಾಲ ಅಣದೂರಿನಲ್ಲಿರುತ್ತದೆ, ಸುಮಾರು ಎರಡು ತಿಂಗಳು ಮಾತ್ರ ನಳದುರ್ಗಕ್ಕೆ ಬರುತ್ತದೆ. ಎರಡು ಊರಿನವರು ಒಂದೇ ದೇವರನ್ನು ಕರಾರು ಮಾಡಿಕೊಂಡು ಹಂಚಿಕೊಂಡಿದ್ದಾರೆ. ಮರಾಠಿ ಭಕ್ತರು “ಯಳಕೋಟ” ಎಂದು ಕೂಗುವಾಗ ಅವರ ಬಾಯಲ್ಲಿ ಬರುವುದು ನಮ್ಮ ‘ಏಳು ಕೋಟಿ’. ಖಾನಾಪುರದ ಮೈಲಾರವನ್ನು ಆದಿಮೈಲಾರವೆಂದೂ, ಮಲ್ಲಾಸುರ–ಮಣಿಕಾಸುರರ ವಧೆಯ ಪುರಾಣದ ಪ್ರೇಮಪುರಿ ಅದೇ ಎಂದೂ ಭಕ್ತರು ನಂಬುತ್ತಾರೆ. ನಮ್ಮ ವಿಷಯಕ್ಕೆ ಇದಕ್ಕಿಂತ ಒಪ್ಪುವ ಊರಹೆಸರು ಬೇರೆ ಬೇಕಿಲ್ಲ.

ಈ ದೇವರ ಗಂಡುಭಕ್ತರು ರೂಪ ಬದಲಿಸುತ್ತಾರೆ. ಗೊರವ, ವಗ್ಗಯ್ಯ ಎಂದು ನಮ್ಮಲ್ಲಿ, ವಾಘ್ಯಾ ಎಂದು ಮರಾಠಿಯಲ್ಲಿ ಅವರಿಗೆ ಹೆಸರು. ‘ಗೊರವ’ ಹಳಗನ್ನಡ ಶಾಸನಗಳಲ್ಲಿ ಶೈವ ಗುರುಗಳಿಗೆ, ತಪಸ್ವಿಗಳಿಗೆ ಸಲ್ಲುತ್ತಿದ್ದ ಮಾತು. ‘ವಾಘ್ಯಾ’ ಎಂಬಲ್ಲಿ ಮರಾಠಿಯ ಕಿವಿಗೆ ಹುಲಿ ಕೇಳಿಸುತ್ತದೆ; ಭಂಡಾರದ ಚೀಲವೂ ಹಿಂದೆ ಹುಲಿಯ ಚರ್ಮದ್ದಾಗಿರುತ್ತಿತ್ತು. ಆದರೆ ದೇವರ ಮುಂದೆ ಆತ ಆಗುವುದು ನಾಯಿ. ಮೈಲಾರನ ಪಟಗಳಲ್ಲಿ ಕುದುರೆಯ ಜೊತೆಗೆ ನಾಯಿಯೂ ಇದೆ. ದೋಣಿಸೇವೆಯ ದಿನ ಮರದ ದೋಣಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ತುಂಬುತ್ತಾರೆ. ಕರಿಯ ಕಂಬಳಿಯ ಗೊರವರು ಮಂಡಿಯೂರಿ, ಬೊಗಳುತ್ತ, ಒಬ್ಬರನ್ನೊಬ್ಬರು ತಳ್ಳಾಡುತ್ತ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುತ್ತಾರೆ. ಹದಿನೈದನೆಯ ಶತಮಾನದ ‘ಕ್ರೀಡಾಭಿರಾಮಮು’ ಎಂಬ ತೆಲುಗು ಕೃತಿಯಲ್ಲಿ ಓರುಗಲ್ಲಿನ ಬೀದಿಯ ಮೈಲಾರ ಭಕ್ತರ ಚಿತ್ರ ಬರುತ್ತದೆ. ಮೂರು ಭಾಷೆಗಳ ನಾಡಿಗೆ ಹರಡಿದ್ದ ಪಂಥವಿದು.

ದೇವರೂ ಒಲವಿಗಾಗಿ ವೇಷ ಬದಲಿಸಿದವನೇ. ಮ್ಹಾಳಸೆಯೊಡನೆ ಪಗಡೆಯಾಡಿ ಸೋತ ಖಂಡೋಬಾ, ಕುರಿಗಾರರ ಬಾಣಾಯಿಯ ಹಟ್ಟಿಯಲ್ಲಿ ಆಳಾಗಿ ದುಡಿದು ಅವಳನ್ನು ಗೆದ್ದನೆಂದು ಹಾಡುತ್ತಾರೆ. ನಮ್ಮ ಕಡೆ ಅವಳು ಕುರುಬರ ಮಾಳವ್ವ. ಒಡೆಯ ಆಳಾದ, ಆಳು ನಾಯಿಯಾದ. ಒಲಿದವರು ತಮ್ಮ ಎತ್ತರವನ್ನು ಬಿಟ್ಟು ಕೆಳಗಿಳಿಯಬೇಕೆಂಬುದೇ ಈ ಪಂಥದ ತಿರುಳು.

ಇನ್ನು ಶರಣರು. ಇಂಥ ಹಲವು ದೈವಗಳ ಆರಾಧನೆಯನ್ನು ಅವರು ಕಟುವಾಗಿ ಖಂಡಿಸಿದರು. ಆದರೆ ಒಲವಿನ ಹಾದಿಯಲ್ಲಿ ಅವರೂ ರೂಪ ಬದಲಿಸಿದರು. ‘ಶರಣಸತಿ ಲಿಂಗಪತಿ’ ಎಂಬ ಭಾವದಲ್ಲಿ ಗಂಡುಶರಣನು ತನ್ನನ್ನು ಹೆಂಡತಿಯೆಂದೂ ಲಿಂಗವನ್ನು ಗಂಡನೆಂದೂ ಭಾವಿಸಿದ. ಈ ಭಾವವನ್ನು ಅತ್ಯಂತ ತೀವ್ರವಾಗಿ ನುಡಿದವರಲ್ಲಿ ಉರಿಲಿಂಗದೇವ ಮುಖ್ಯ. ಪರಂಪರೆ ಅವನನ್ನು ಕಂಧಾರದವನೆಂದು ಹೇಳುತ್ತದೆ. ಕಂಧಾರ ಇಂದು ಮಹಾರಾಷ್ಟ್ರದ ನಾಂದೇಡ ಜಿಲ್ಲೆಯಲ್ಲಿದೆ, ಉದಗೀರದಿಂದ ಬಹಳ ದೂರವಲ್ಲ. ಅವನ ಶಿಷ್ಯ ಉರಿಲಿಂಗಪೆದ್ದಿ, ಅಸ್ಪೃಶ್ಯವೆನಿಸಿದ ಕುಲದಿಂದ ಬಂದು ದೊಡ್ಡ ವಚನಕಾರನಾದವನು. ಗಂಡಿನ ಬಾಯಲ್ಲಿ ವಿರಹದ, ಮಿಲನದ ಮಾತುಗಳನ್ನು ನಾಚದೆ ಆಡಿದ ಕವಿ ನಮ್ಮ ನೆರೆಯವನು ಎಂಬುದನ್ನು ನಾವು ಮರೆತಿದ್ದೇವೆ.

ಹೀಗೆ ಈ ಸೀಮೆಯ ಗಂಡಸಿಗೆ ಗಂಡುದೇವರನ್ನು ಒಲಿಯಲು ಎರಡು ದಾರಿಗಳಿದ್ದವು: ನಾಯಿಯಾಗುವುದು, ಇಲ್ಲವೇ ಸತಿಯಾಗುವುದು. ಇದನ್ನೇ ಇಂದಿನ ಸಲಿಂಗಪ್ರೇಮವೆಂದು ಕರೆದರೆ ಇತಿಹಾಸಕ್ಕೆ ಅಪಚಾರವಾದೀತು. ಗೊರವನ ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ. ಶರಣರದು ಅನುಭಾವದ ಭಾಷೆ. ಆದರೆ ಎರಡಕ್ಕೂ ಸಂಬಂಧವೇ ಇಲ್ಲವೆಂದರೂ ತಪ್ಪಾದೀತು. ಗಂಡಿನ ಹೃದಯ ಇನ್ನೊಂದು ಗಂಡುರೂಪಕ್ಕೆ ಹಂಬಲಿಸುವುದನ್ನು ಈ ಜನ ಕೇಳಿ ಬಲ್ಲರು, ಹಾಡಿ ಬಲ್ಲರು, ಕೈಮುಗಿದು ಬಲ್ಲರು. ಅವರು ಇಟ್ಟ ಕರಾರು ಒಂದೇ: ಹಂಬಲಿಸುವವನು ಸಾಮಾನ್ಯ ಗಂಡಸಿನ ರೂಪದಲ್ಲಿರಬಾರದು.

ಆ ಕರಾರಿನ ಬೆಲೆಯನ್ನೂ ಹೇಳಬೇಕು. ಹರಕೆಯ ಹೆಸರಿನಲ್ಲಿ ಗಂಡುಮಕ್ಕಳನ್ನು ವಾಘ್ಯಾ ಎಂದೂ, ಹೆಣ್ಣುಮಕ್ಕಳನ್ನು ಮುರಳಿ ಎಂದೂ ಬಿಟ್ಟರು. ರೂಪಾಂತರ ಆ ಮಕ್ಕಳ ಆಯ್ಕೆಯಾಗಿರಲಿಲ್ಲ. ಅದರ ಹೊರೆ ಬಿದ್ದದ್ದು ಹೆಚ್ಚಾಗಿ ದಲಿತರ, ಬಡವರ ಮನೆಗಳ ಮೇಲೆ. 1936ರಲ್ಲಿ ಮುಂಬಯಿಯಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಮುರಳಿ, ಜೋಗತಿ ಮೊದಲಾದವರ ಸಭೆಯಲ್ಲಿ ಆ ಬದುಕನ್ನು ಬಿಟ್ಟು ಹೊರಬರಲು ನೇರವಾಗಿ ಕರೆಕೊಟ್ಟರು. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದರ ವಿರುದ್ಧ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಕಾಯದೆಗಳಾದವು. ನಾಯಿಯಂತೆ ತಿನ್ನುವುದನ್ನು ಅಪಮಾನವೆಂದು ಕಂಡು ಆ ಸೇವೆಯನ್ನು ಬಿಟ್ಟ ಮನೆತನಗಳೂ ಇವೆ. ಅವರ ಮಾತಿನಲ್ಲೂ ನ್ಯಾಯವಿದೆ. ಯಲ್ಲಮ್ಮನ ಜೋಗಪ್ಪಂದಿರ ಕತೆಯೂ ಇದಕ್ಕೆ ಹತ್ತಿರದ್ದೇ. ಗಂಡಾಗಿ ಹುಟ್ಟಿ ಸೀರೆ ಉಟ್ಟವರಿಗೆ ಜಾತ್ರೆಯಲ್ಲಿ ಜನ ಅಡ್ಡಬಿದ್ದರು, ಜಾತ್ರೆ ಮುಗಿದ ಮೇಲೆ ಬಾಡಿಗೆಗೆ ಕೋಣೆ ಕೊಡಲಿಲ್ಲ. ಜೋಗತಿ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಈ ಇತಿಹಾಸದಲ್ಲಿ ಒಂದು ತಿರುವು.

ಹೊಸಗನ್ನಡ ಸಾಹಿತ್ಯ ಈ ಹಳೆಯ ಸರಕನ್ನು ಬಿಡಲಿಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಹಾವು ಗಂಡನ ರೂಪ ತಾಳಿ ಒಂಟಿ ಹೆಣ್ಣಿನ ಬಳಿಗೆ ಬರುತ್ತದೆ. ಆ ನಾಟಕದ ಮೂಲಕತೆಗಳನ್ನು ತಮಗೆ ಹೇಳಿದವರು ಎ.ಕೆ. ರಾಮಾನುಜನ್ ಎಂದು ಕಾರ್ನಾಡರೇ ನೆನೆದಿದ್ದಾರೆ. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯಲ್ಲಿಯೂ ಹಾವು ಮನುಷ್ಯನ ಇನ್ನೊಂದು ಅರ್ಧ, ಅದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ತರುಣನ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರ ಬರುವುದು ಕಾರ್ನಾಡರ ‘ಹಯವದನ’. ದೇವದತ್ತ, ಕಪಿಲ ಎಂಬ ಇಬ್ಬರು ಗೆಳೆಯರು ಒಬ್ಬರನ್ನು ಬಿಟ್ಟು ಒಬ್ಬರು ಇರಲಾರರು. ಒಬ್ಬ ತಲೆ ಕಡಿದುಕೊಂಡರೆ ಇನ್ನೊಬ್ಬನೂ ಕಡಿದುಕೊಳ್ಳುತ್ತಾನೆ. ಅವರ ನಡುವೆ ಪದ್ಮಿನಿಯಿದ್ದಾಳೆ, ನಿಜ. ಆದರೆ ಆ ಇಬ್ಬರ ಸ್ನೇಹದ ತೀವ್ರತೆಗೆ ನಾಟಕ ಬೇರೆ ಹೆಸರು ಕೊಡದೆ ಬಿಟ್ಟಿದೆ. ಅದರ ಪಕ್ಕದಲ್ಲೇ ಕುದುರೆಮುಖದ ಹಯವದನ. ಅವನು ಪೂರ್ತಿ ಮನುಷ್ಯನಾಗಬೇಕೆಂದು ಬೇಡುತ್ತಾನೆ, ಪೂರ್ತಿ ಕುದುರೆಯಾಗುತ್ತಾನೆ. ಅರೆಬರೆಯಾಗಿ ಬದುಕುವ ಕಷ್ಟವನ್ನು ಇಷ್ಟು ನಗಿಸುತ್ತ ಹೇಳಿದ ಕೃತಿ ಕನ್ನಡದಲ್ಲಿ ವಿರಳ.

ಹಾವು, ಕುದುರೆಗಳ ಮರೆಯಿಲ್ಲದೆ ಗಂಡು ಗಂಡನ್ನು ಒಲಿಯುವ ಮಾತನ್ನು ಒಂದು ಇಡೀ ಕಥಾಸಂಕಲನದ ಹೂರಣವಾಗಿಸಿ ಮನೆಮನೆಯ ಓದುಗರಿಗೆ ಮುಟ್ಟಿಸಿದ್ದು ವಸುಧೇಂದ್ರರ ‘ಮೋಹನಸ್ವಾಮಿ’. ಅದು ಪ್ರಕಟವಾದದ್ದು 2013ರಲ್ಲಿ. ಆಗ 1860ರ ದಂಡಸಂಹಿತೆಯ 377ನೇ ಕಲಮು ಇನ್ನೂ ಜಾರಿಯಲ್ಲಿತ್ತು. ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ಕೂಡುವುದು ಅಪರಾಧವಲ್ಲವೆಂದು ತೀರ್ಪಿತ್ತಿತು. ಮೋಹನಸ್ವಾಮಿ ನಾಯಿಯಾಗಲಿಲ್ಲ, ಸತಿಯಾಗಲಿಲ್ಲ, ಹಾವಾಗಲಿಲ್ಲ. ಗಂಡಸಾಗಿಯೇ ಉಳಿದು ಒಲಿದ. ಉರಿಲಿಂಗದೇವನಿಂದ ಅಲ್ಲಿಗೆ ಬರಲು ಕನ್ನಡಕ್ಕೆ ಎಂಟು ಶತಮಾನ ಬೇಕಾಯಿತು.

ಆದ್ದರಿಂದ ತರುಣನ ಪ್ರಶ್ನೆಗೆ ನಮ್ಮ ಉತ್ತರ ಇದು. ಇಬ್ಬರು ತೋಳಗಂಡಸರ ಪ್ರೇಮಕತೆ ನಮ್ಮ ಹಳೆಯ ಭಂಡಾರದಲ್ಲಿ ನಮಗೆ ಸಿಕ್ಕಿಲ್ಲ. ಆದರೆ ಒಲವಿಗಾಗಿ ರೂಪ ಬದಲಿಸುವ ಗಂಡಸನ್ನು ಹುಚ್ಚನೆನ್ನದೆ ಭಂಡಾರ ಹಚ್ಚಿ ಗೌರವಿಸಿದ ಪರಂಪರೆ ನಮ್ಮ ಮಗ್ಗುಲಲ್ಲೇ ಇದೆ. ಅದು ಹೊರಗಿನದಲ್ಲ. ಎರಡು ಹೆಸರಿನ ದೇವರನ್ನು, ಎರಡು ಊರಿನ ಮೂರ್ತಿಯನ್ನು, ಎರಡು ಭಾಷೆಯ ಕೂಗನ್ನು ತೂಗಿಸಿಕೊಂಡು ಬಂದ ಗಡಿನಾಡಿನವರಿಗೆ, ಒಂದೇ ಅಚ್ಚಿಗೆ ಹೊಂದದ ಮನುಷ್ಯನನ್ನು ತೂಗಿಸುವುದು ಹೊಸ ವಿದ್ಯೆಯಲ್ಲ.

ದೋಣಿಸೇವೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಗಳಿಗೆಯಿದೆ. ದೋಣಿ ಬರಿದಾಗುತ್ತದೆ. ಗೊರವ ಎದ್ದು ನಿಂತು ಬಾಯಿ ಒರೆಸಿಕೊಂಡು ಕಂಬಳಿ ಕೊಡವುತ್ತಾನೆ. ನೆರೆದವರು ಅವನ ಹೆಸರು ಹಿಡಿದು ಕರೆದು ನೀರು ಕೊಡುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆ ಬೊಗಳಿದವನನ್ನು ಯಾರೂ ನಾಯಿಯೆನ್ನುವುದಿಲ್ಲ. ಅವನು ಮನೆಗೆ ಹೋಗುತ್ತಾನೆ, ಮನೆ ಅವನನ್ನು ಒಳಗೆ ಕರೆದುಕೊಳ್ಳುತ್ತದೆ. ಬಿಸ್ಕ್ಲಾವ್ರೆಗೆ ಅರಸ ಮರಳಿ ಕೊಟ್ಟ ಬಟ್ಟೆಯೂ ಇಂಥದ್ದೇ. ಪ್ರಶ್ನೆ ಕೇಳಿದ ತರುಣ ಮುಂದಿನ ಹಬ್ಬಕ್ಕೆ ಊರಿಗೆ ಬರುತ್ತಾನೆ. ಯಾವ ರೂಪವನ್ನೂ ತಾಳದೆ, ತಾನಿದ್ದಂತೆಯೇ ಹೊಸ್ತಿಲು ದಾಟುವಷ್ಟು ಬಾಗಿಲನ್ನು ನಾವು ತೆರೆದಿಟ್ಟರೆ, ಉರಿಲಿಂಗದೇವನ ನೆರೆಯವರೆಂದು ಹೇಳಿಕೊಳ್ಳಲು ನಮಗೆ ಹಕ್ಕು ಬಂದೀತು.