ಕಿಟಕಿಯ ಹಾಡು ವೇದಿಕೆಗೆ ಬಂದದ್ದು: ಬೋಸ್ನಿಯಾದ ಸೆವ್ದಾಲಿಂಕಾ

ಬೋಸ್ನಿಯಾ ದೇಶದ ಮೊಸ್ತಾರ್ ಊರಿನ ತಂಡವೊಂದರ ಕಛೇರಿಯನ್ನು ನಾವು ನೋಡಿದ್ದು ಮೊಬೈಲಿನಲ್ಲೇ. ಭಾಷೆ ಒಂದಕ್ಷರ ಅರ್ಥವಾಗಲಿಲ್ಲ. ಹಾಡುವವರು ಕುಣಿಯಲಿಲ್ಲ, ಕೈ ಬೀಸಲಿಲ್ಲ. ಮೊದಲ ಸಾಲನ್ನು ತಾಳವಿಲ್ಲದೆ ಎಳೆದೆಳೆದು ಹಾಡಿದರು. ಆಮೇಲೆ ವಾದ್ಯಗಳು ಒಂದೊಂದಾಗಿ ಸೇರಿಕೊಂಡವು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಇಡೀ ಸಭೆ ಹಾಡುತ್ತಿತ್ತು.

ಅದೇ ಊರಿನ ಜನ 1993ರಲ್ಲಿ ಬೀದಿಯ ಈ ಬದಿ ಆ ಬದಿ ನಿಂತು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು ಎಂದು ಆಮೇಲೆ ಓದಿದೆವು. ಗುಂಡು ಹಾರಿಸಿಕೊಂಡವರಿಗೆ ಹಾಡು ಮಾತ್ರ ಒಂದೇ ಆಗಿ ಉಳಿದದ್ದು ಹೇಗೆ? ಈ ಬರಹಕ್ಕೆ ಆ ಪ್ರಶ್ನೆಯೇ ಕಾರಣ.

ಬೋಸ್ನಿಯಾ ಸಣ್ಣ ದೇಶ. ವಿಸ್ತೀರ್ಣದಲ್ಲಿ ನಮ್ಮ ರಾಜ್ಯದ ಸುಮಾರು ಕಾಲು ಭಾಗ. ಮೊದಲು ಯುಗೊಸ್ಲಾವಿಯಾದ ಒಳಗಿತ್ತು. ಅಲ್ಲಿ ಮುಖ್ಯವಾಗಿ ಮೂರು ಸಮುದಾಯ: ಮುಸ್ಲಿಮರಾದ ಬೋಸ್ನಿಯಾಕರು, ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು, ಕ್ಯಾಥೊಲಿಕ್ಕರಾದ ಕ್ರೊವಾಟರು. ಮೂವರ ಮಾತೂ ಹೆಚ್ಚುಕಡಿಮೆ ಒಂದೇ. ಒಬ್ಬರು ಹಾಡಿದ್ದು ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕಿಲ್ಲ.

1463ರಲ್ಲಿ ತುರ್ಕರ ಆಟೊಮನ್ ಸುಲ್ತಾನ ಬೋಸ್ನಿಯಾವನ್ನು ಗೆದ್ದ. ಮುಂದೆ 1878ರವರೆಗೆ, ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ, ಅದೇ ಆಳ್ವಿಕೆ. ಸರಾಯೆವೊ, ಮೊಸ್ತಾರ್‌ನಂಥ ಪೇಟೆಗಳು ಬೆಳೆದದ್ದು ಆಗಲೇ. ಎತ್ತರದ ಗೋಡೆ, ಒಳಗೆ ಅಂಗಳ, ಅಂಗಳದಲ್ಲಿ ಹೂಗಿಡ, ಬೀದಿ ಕಡೆಗೆ ಮರದ ಜಾಲರಿಯ ಕಿಟಕಿ. ಹುಡುಗಿ ಕಿಟಕಿಯ ಒಳಗೆ, ಹುಡುಗ ಬೀದಿಯಲ್ಲಿ. ಹೀಗೆ ಗೋಡೆಯ ಆಚೆ ಈಚೆ ನಿಂತು ಮಾತಾಡಿಕೊಳ್ಳುವುದಕ್ಕೆ ಅಲ್ಲಿ ‘ಆಶಿಕೋವಾನ್ಯೆ’ ಎನ್ನುತ್ತಿದ್ದರು. ಹೆಸರಿನೊಳಗಿನ ‘ಆಶಿಕ್’ ನಮಗೂ ಗೊತ್ತಿರುವವನೇ.

ಸೆವ್ದಾಲಿಂಕಾ ಬೆಳೆದದ್ದು ಈ ಪೇಟೆಮನೆಗಳಲ್ಲಿ. ಹೊಲದ ಹಾಡಲ್ಲ, ಸುಗ್ಗಿಯ ಹಾಡಲ್ಲ. ಕೂಡಿಬರದ ಮದುವೆ, ಒಪ್ಪದ ತಾಯಿ, ದೂರ ಹೋದವನ ಕಾಯುವಿಕೆ ಇವೇ ಅದರ ವಸ್ತು. ಎಷ್ಟೋ ಹಾಡುಗಳನ್ನು ಹೆಂಗಸರೇ ಮನೆಯೊಳಗೆ ಹಾಡಿ ಉಳಿಸಿದರು. ಕಟ್ಟಿದವರ ಹೆಸರು ಹೆಚ್ಚಿನವಕ್ಕೆ ಇಲ್ಲ.

ಹೆಸರಿನ ಕಥೆಯೂ ಸ್ವಾರಸ್ಯದ್ದು. ತುರ್ಕಿ ಭಾಷೆಯಲ್ಲಿ ‘ಸೆವ್ದಾ’ ಎಂದರೆ ಪ್ರೀತಿ. ಅದರ ಮೂಲ ಅರಬಿಯ ‘ಸೌದಾ’, ಅಂದರೆ ಕಪ್ಪು ಪಿತ್ತ. ಸಂತೆಯಲ್ಲಿ ಕುದುರಿಸುವ ಸೌದಾ ಎಂದುಕೊಳ್ಳಬೇಡಿ. ನಮ್ಮೂರುಗಳ ಯುನಾನಿ ಹಕೀಮರನ್ನು ಕೇಳಿದರೆ ದೇಹದ ನಾಲ್ಕು ರಸಗಳಲ್ಲಿ ಸೌದಾವೂ ಒಂದು ಎನ್ನುತ್ತಾರೆ. ಅದು ಹೆಚ್ಚಾದರೆ ಮನಸ್ಸು ಮಂಕಾಗುತ್ತದೆ ಎಂಬುದು ಹಳೆಯ ವೈದ್ಯದ ನಂಬಿಕೆ. ಪ್ರೀತಿಗೂ ಆ ಮಂಕಿಗೂ ಒಂದೇ ಪದ ಇಟ್ಟುಕೊಂಡ ಜನ ಇವರು.

ಹಳೆಯ ಕಾಲದಲ್ಲಿ ಹಾಡಿಗೆ ಜೊತೆಯಾಗಿದ್ದದ್ದು ಸಾಜ್. ತಂಬೂರಿಯಂತೆ ಉದ್ದ ಕತ್ತಿನ ತಂತಿವಾದ್ಯ, ಸಣ್ಣ ದನಿ, ಒಂದು ಕೋಣೆಗೆ ಸಾಕಾಗುವಷ್ಟು. 1878ರಲ್ಲಿ ಆಸ್ಟ್ರಿಯಾ-ಹಂಗೇರಿಯ ಆಡಳಿತ ಬಂದ ಮೇಲೆ ಅಕಾರ್ಡಿಯನ್ ಬಂತು. ಹಾರ್ಮೋನಿಯಂ ಪೆಟ್ಟಿಗೆಯನ್ನು ಎದೆಗೆ ಕಟ್ಟಿಕೊಂಡು ಹಿಗ್ಗಿಸಿ ಕುಗ್ಗಿಸಿದಂತೆ ಅದು. ದನಿ ದೊಡ್ಡದು. ಅಂಗಳದ ಹಾಡು ಕಫಾನಾಕ್ಕೆ, ಅಂದರೆ ಕಾಫಿ ಮತ್ತು ಮದ್ಯದ ಅಂಗಡಿಗೆ, ಕಾಲಿಟ್ಟಿತು. ದುಃಖ ಉಕ್ಕಿ ಗ್ಲಾಸು ಒಡೆಯುವ ಗಿರಾಕಿಗಳ ಕಥೆಗಳೆಲ್ಲ ಈ ಕಫಾನಾದವು.

1907ರಲ್ಲಿ ಗ್ರಾಮೋಫೋನ್ ಕಂಪನಿಯವರು ಸರಾಯೆವೊಗೆ ಬಂದು ಈ ಹಾಡುಗಳನ್ನು ತಟ್ಟೆಗೆ ಇಳಿಸಿಕೊಂಡರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿಯನ್ನು ಹಿಡಿದದ್ದೂ ಇದೇ ಕಂಪನಿ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಏಪ್ರಿಲ್‌ನಲ್ಲಿ, ರೇಡಿಯೋ ಸರಾಯೆವೊ ಶುರುವಾಯಿತು. ಅಲ್ಲಿ ಮೊದಮೊದಲು ಹಾಡಿದವರಲ್ಲಿ ಝೈಮ್ ಇಮಾಮೋವಿಚ್ ಒಬ್ಬರು. ರೇಡಿಯೋದಲ್ಲಿ ಹಾಡಬೇಕಾದರೆ ಪರೀಕ್ಷೆ ಪಾಸಾಗಬೇಕಿತ್ತು. ಹಾಗೆ ಪಾಸಾದ ಇನ್ನೊಬ್ಬರು ಹಿಮ್ಜೊ ಪೊಲೋವಿನಾ. ವೃತ್ತಿಯಲ್ಲಿ ಮನೋವೈದ್ಯರು! ಹಗಲು ಮಂಕು ಕವಿದವರ ಚಿಕಿತ್ಸೆ, ಬಿಡುವಿನಲ್ಲಿ ಕಪ್ಪು ಪಿತ್ತದ ಹಾಡು. ನಾವು ಕೇಳಿದ ಹಳೆಯ ದನಿಗಳಲ್ಲಿ ನಮಗೆ ತುಂಬ ಹಿಡಿಸಿದ್ದು ಇವರದೇ. ಗಂಟಲಿನ ಕಸರತ್ತು ಕಡಿಮೆ, ಪಕ್ಕದಲ್ಲಿ ಕೂತು ಹೇಳಿದಂತಿರುತ್ತದೆ.

ಪೊಲೋವಿನಾ ಅವರಿಂದ ಮನೆಮಾತಾದ ಹಾಡು ‘ಎಮಿನಾ’. ಇದನ್ನು ಬರೆದವರ ಹೆಸರು ಗೊತ್ತಿದೆ: ಅಲೆಕ್ಸಾ ಶಾಂತಿಚ್, ಮೊಸ್ತಾರ್‌ನ ಸರ್ಬ್ ವ್ಯಾಪಾರಿ ಮನೆತನದ ಕವಿ, 1902ರಲ್ಲಿ ಬರೆದದ್ದು. ಹಾಡಿನಲ್ಲಿರುವವಳು ಇಮಾಮರ ಮಗಳು. ಬೀದಿಯಲ್ಲಿ ಹೋಗುತ್ತಿದ್ದವನು ಅವಳನ್ನು ಕಂಡು ಸಲಾಂ ಹೇಳುತ್ತಾನೆ, ಅವಳು ತಿರುಗಿಯೂ ನೋಡುವುದಿಲ್ಲ. ಇಷ್ಟೇ ಕಥೆ. ಬರೆದವರು ಕ್ರೈಸ್ತರು, ಹುಡುಗಿ ಮುಸ್ಲಿಂ, ಮನೆಮನೆಗೆ ಮುಟ್ಟಿಸಿದ ಪೊಲೋವಿನಾ ಮುಸ್ಲಿಂ, ಹಾಡುವವರು ಎಲ್ಲರೂ. ಸ್ಪೇನಿನಿಂದ ಹೊರದಬ್ಬಿಸಿಕೊಂಡು 16ನೇ ಶತಮಾನದಲ್ಲಿ ಸರಾಯೆವೊಗೆ ಬಂದು ನೆಲೆಸಿದ ಯಹೂದಿಗಳೂ ತಮ್ಮ ಧಾಟಿಗಳನ್ನು ಈ ಗಂಟಿಗೆ ಸೇರಿಸಿದ್ದಾರೆ. ಯಾವುದು ಯಾರಿಂದ ಬಂತು ಎಂದು ಬೇರ್ಪಡಿಸಲು ಹೋದ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ.

ಆಮೇಲೆ ಯುಗೊಸ್ಲಾವಿಯಾ ಒಡೆಯಿತು. 1992ರಿಂದ 1995ರವರೆಗೆ ಬೋಸ್ನಿಯಾದಲ್ಲಿ ಯುದ್ಧ. ಸತ್ತವರು ಸುಮಾರು ಒಂದು ಲಕ್ಷ. ಸರಾಯೆವೊ 1,425 ದಿನ ಮುತ್ತಿಗೆಯಲ್ಲಿತ್ತು. ಮೊಸ್ತಾರ್‌ನಲ್ಲಿ ಮೊದಲು ಕ್ರೊವಾಟರೂ ಮುಸ್ಲಿಮರೂ ಒಂದಾಗಿ ಸರ್ಬ್ ಪಡೆಗಳನ್ನು ಎದುರಿಸಿದರು. ಮರುವರ್ಷ ಅವರಿಬ್ಬರೇ ಹೊಡೆದಾಡಿಕೊಂಡರು. ಪಶ್ಚಿಮಕ್ಕೆ ಕ್ರೊವಾಟರು, ಪೂರ್ವಕ್ಕೆ ಮುಸ್ಲಿಮರು, ಹೀಗೆ ಊರು ಎರಡಾಯಿತು. ನೆರೆತ್ವಾ ನದಿಯ ಮೇಲಿದ್ದ ಕಲ್ಲಿನ ಹಳೇ ಸೇತುವೆ 1566ರಲ್ಲಿ ಕಟ್ಟಿದ್ದು, ಊರಿಗೆ ಹೆಸರು ಬಂದದ್ದೇ ಸೇತುವೆ ಕಾಯುವವರಿಂದ. 1993ರ ನವೆಂಬರ್ 9ರಂದು ಕ್ರೊವಾಟ್ ಪಡೆಯ ಗುಂಡೇಟಿಗೆ ಅದು ಮುರಿದು ನದಿಗೆ ಬಿತ್ತು.

ನಾವು ಮೊಬೈಲಿನಲ್ಲಿ ನೋಡಿದ ತಂಡ ಇದೇ ಊರಿನದು. ಹೆಸರು ‘ಮೊಸ್ತಾರ್ ಸೆವ್ದಾ ರಿಯೂನಿಯನ್’. ರಿಯೂನಿಯನ್ ಎಂದರೆ ಮತ್ತೆ ಕೂಡಿಕೊಳ್ಳುವುದು. ದ್ರಾಗಿ ಶೆಸ್ತಿಚ್ ಎಂಬುವರು ಊರಿನ ವಾದ್ಯಗಾರರನ್ನು ಸೇರಿಸಿ ಕಟ್ಟಿದರು. ಮೊದಲ ಆಲ್ಬಂ ಬಂದದ್ದು 1999ರಲ್ಲಿ, ಸೇತುವೆಯನ್ನು ಆಗಿನ್ನೂ ಮತ್ತೆ ಕಟ್ಟಿರಲಿಲ್ಲ. ಆಗ ಹಾಡಿದವರು ಇಲಿಯಾಜ್ ದೆಲಿಚ್, ಅಕಾರ್ಡಿಯನ್ ಮುಸ್ತಫಾ ಶಾಂತಿಚ್, ಪಿಟೀಲು ನೆಜೊ ಕೊವಾಚೆವಿಚ್. ಆ ನಾಡಿನಲ್ಲಿ ಹೆಸರು ಕೇಳಿದರೆ ಸಾಕು, ಯಾವ ಕಡೆಯವರು ಎಂದು ಜನ ಲೆಕ್ಕ ಹಾಕುತ್ತಾರೆ. ಈ ಪಟ್ಟಿ ಓದಿದರೆ ಲೆಕ್ಕ ತಪ್ಪುತ್ತದೆ.

ಈ ತಂಡದ ಜೊತೆ ಹಾಡಿದ ಲಿಲ್ಯಾನಾ ಬಟ್ಲರ್ ಅವರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ರೋಮಾ ಜನಾಂಗದ ತಂದೆ, ಬೋಸ್ನಿಯಾದ ಬಿಯೆಲಿನಾದಲ್ಲಿ ಕಳೆದ ಬಾಲ್ಯ, ಬೆಲ್‌ಗ್ರೇಡಿನ ಕಫಾನಾಗಳಲ್ಲಿ ದೊಡ್ಡ ಹೆಸರು. 1980ರ ದಶಕದಲ್ಲಿ ಹಾಡು ಬಿಟ್ಟು ಜರ್ಮನಿಗೆ ಹೋದರು. ಅಲ್ಲಿ ಸ್ವಚ್ಛತಾ ಕೆಲಸ ಮಾಡಿ ಹೊಟ್ಟೆ ಹೊರೆದರು. ಶೆಸ್ತಿಚ್ ಹುಡುಕಿಕೊಂಡು ಹೋಗಿ ಮತ್ತೆ ಹಾಡಿಸಿದರು. 2002ರಲ್ಲಿ ಆಲ್ಬಂ ಬಂತು, ಯುರೋಪಿನ ವೇದಿಕೆಗಳು ಕರೆದವು. ಆಗ ಅವರಿಗೆ ಅರುವತ್ತರ ಹತ್ತಿರ. ಗಂಡಸಿನಷ್ಟು ಕೆಳದನಿ, ಅವಸರವೇ ಇಲ್ಲ. 2010ರಲ್ಲಿ ತೀರಿಕೊಂಡರು. ಪೊರಕೆ ಹಿಡಿದು ಕಳೆದ ಆ ವರ್ಷಗಳಲ್ಲಿ ಅವರ ದನಿ ಎಷ್ಟು ಕಛೇರಿಗಳನ್ನು ಕಳೆದುಕೊಂಡಿತು ಎಂದು ನಮಗೆ ಹೊಟ್ಟೆ ಉರಿಯುತ್ತದೆ.

ಸೇತುವೆಯನ್ನು ಮತ್ತೆ ಕಟ್ಟಿ 2004ರ ಜುಲೈನಲ್ಲಿ ತೆರೆದರು. ಊರು ಕೂಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದೇ ಕಟ್ಟಡದಲ್ಲಿ ಮಕ್ಕಳು ಸಮುದಾಯವಾರು ಬೇರೆ ಬೇರೆ ಪಠ್ಯ ಓದುವ ಶಾಲೆಗಳು ಆ ದೇಶದಲ್ಲಿವೆ. ಪಕ್ಷಗಳ ಹಗ್ಗಜಗ್ಗಾಟದಲ್ಲಿ ಮೊಸ್ತಾರ್‌ನಲ್ಲಿ 2008ರಿಂದ 2020ರವರೆಗೆ ನಗರಸಭೆ ಚುನಾವಣೆಯೇ ನಡೆಯಲಿಲ್ಲ.

ಹಾಡು ಮಾತ್ರ ನಡೆದೇ ಇದೆ. ಝೈಮ್ ಅವರ ಮೊಮ್ಮಗ ದಾಮಿರ್ ಇಮಾಮೋವಿಚ್ ಈಗ ದೇಶ ದೇಶ ಸುತ್ತಿ ಹಾಡುತ್ತಾರೆ. ಅಕಾರ್ಡಿಯನ್ ಬಿಟ್ಟು ತಂತಿವಾದ್ಯ ಹಿಡಿದಿದ್ದಾರೆ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಸೆವ್ದಾಲಿಂಕಾವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೇಳಬೇಕೆನಿಸಿದರೆ ತಂಡದ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಸಿಗುತ್ತದೆ. ಮೊದಲು ‘ಎಮಿನಾ’ ಕೇಳಿ. ಪೊಲೋವಿನಾ ಹಾಡಿದ್ದನ್ನು ಒಮ್ಮೆ, ಆಮೇಲೆ ಕಛೇರಿಯದ್ದನ್ನು ಒಮ್ಮೆ. ಎರಡನೆಯದರಲ್ಲಿ ಸಭೆಯವರು ಎಲ್ಲಿ ದನಿಗೂಡಿಸುತ್ತಾರೆ ಎಂದು ಕಿವಿಗೊಟ್ಟು ನೋಡಿ.