ಹಕ್ಕು ಮತ್ತು ಊರಾಡಳಿತ: ಕೇಪ್‌ಟೌನ್‌ನ ಡುಲ್ಲಾ ಒಮರ್ ಸಂಸ್ಥೆ

ನಮ್ಮ ಧರ್ಮಕೇಂದ್ರಗಳ ಅನೇಕ ಮಂದಿ ಗ್ರಾಮ ಪಂಚಾಯತ್ ಸದಸ್ಯರಾಗಿ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. ಸಂವಿಧಾನ ಕೊಟ್ಟ ಹಕ್ಕು ಮತ್ತು ಪಂಚಾಯತಿನ ನಳ್ಳಿನೀರು, ಮನೆ, ಚರಂಡಿ ಇವೆರಡೂ ಬೇರೆ ಬೇರೆ ವಿಷಯಗಳೆಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಇವೆರಡನ್ನೂ ಒಂದೇ ಸೂರಿನಡಿ ಅಭ್ಯಾಸ ಮಾಡುತ್ತಿರುವ ದಕ್ಷಿಣ ಆಫ್ರಿಕಾದ ಒಂದು ಸಂಸ್ಥೆಯನ್ನು ಓದುಗರಿಗೆ ಇಲ್ಲಿ ಪರಿಚಯಿಸುತ್ತಿದ್ದೇವೆ.

ಕೇಪ್‌ಟೌನ್ ಬಳಿಯ ಬೆಲ್‌ವಿಲ್‌ನಲ್ಲಿರುವ ವೆಸ್ಟರ್ನ್ ಕೇಪ್ ವಿಶ್ವವಿದ್ಯಾನಿಲಯವು, ವರ್ಣಭೇದ ಸರಕಾರವು ‘ಕಲರ್ಡ್’ ಎಂದು ವಿಂಗಡಿಸಿದ್ದ ಜನರಿಗಾಗಿ 1960ರಲ್ಲಿ ಆರಂಭಿಸಿದ ಕಾಲೇಜು. ಜನರನ್ನು ಬೇರ್ಪಡಿಸಲೆಂದು ಕಟ್ಟಿದ ಕಾಲೇಜೇ ಮುಂದೆ ವರ್ಣಭೇದ ವಿರೋಧಿ ಚಿಂತನೆಯ ನೆಲೆಯಾದುದು ಚರಿತ್ರೆಯ ವಿಪರ್ಯಾಸ. ನೆಲ್ಸನ್ ಮಂಡೇಲಾ ಬಿಡುಗಡೆಯಾದ 1990ರಲ್ಲಿ ಇಲ್ಲಿ ‘ಕಮ್ಯುನಿಟಿ ಲಾ ಸೆಂಟರ್’ ಸ್ಥಾಪನೆಯಾಯಿತು. ಮಂಡೇಲಾ ಅವರ ವಕೀಲರಾಗಿದ್ದ, ಭಾರತೀಯ ಮೂಲದ ಡುಲ್ಲಾ ಒಮರ್ ಇದರ ಮೊದಲ ನಿರ್ದೇಶಕರು. ಅವರು 1994ರಲ್ಲಿ ನ್ಯಾಯ ಸಚಿವರಾದರು, 2004ರಲ್ಲಿ ತೀರಿಕೊಂಡರು. 2015ರಲ್ಲಿ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು.

ಭಾರತದಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ಮುಂದಿಟ್ಟು ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. 1996ರ ದಕ್ಷಿಣ ಆಫ್ರಿಕಾ ಸಂವಿಧಾನವಾದರೋ ವಸತಿ (26ನೇ ವಿಧಿ), ಆರೋಗ್ಯ, ಆಹಾರ, ನೀರು (27ನೇ ವಿಧಿ) ಇವುಗಳನ್ನು ನ್ಯಾಯಾಲಯದಲ್ಲಿ ಕೇಳಬಹುದಾದ ಹಕ್ಕುಗಳನ್ನಾಗಿಸಿತು. ಸ್ಥಳೀಯಾಡಳಿತವನ್ನು ಕೇಂದ್ರ ಮತ್ತು ಪ್ರಾಂತಗಳ ಜೊತೆಗೆ ಸರಕಾರದ ಮೂರನೆಯ ವಲಯವೆಂದು 40ನೇ ವಿಧಿ ಹೇಳಿತು. ನಮ್ಮಲ್ಲಿ ಪಂಚಾಯತಿಗೆ ಎಷ್ಟು ಅಧಿಕಾರ ಕೊಡಬೇಕೆಂಬುದು 243ಜಿ ವಿಧಿಯಂತೆ ರಾಜ್ಯ ಶಾಸಕಾಂಗಕ್ಕೆ ಬಿಟ್ಟ ವಿಚಾರ.

ಈ ಹಕ್ಕುಗಳಿಗೆ ದೊಡ್ಡ ಪರೀಕ್ಷೆ ಎದುರಾದುದು ಐರೀನ್ ಗ್ರೂಟ್‌ಬೂಮ್ ಪ್ರಕರಣದಲ್ಲಿ. ಕೇಪ್‌ಟೌನ್ ಹೊರವಲಯದ ವಾಲಸ್‌ಡೀನ್‌ನಲ್ಲಿ ಗುಡಿಸಲು ಹಾಕಿಕೊಂಡಿದ್ದ ಈ ಮಹಿಳೆ ಮತ್ತು ನೆರೆಯವರು 1998ರಲ್ಲಿ ಪಕ್ಕದ ಖಾಲಿ ಜಾಗಕ್ಕೆ ಸರಿದರು. 1999ರ ಮೇ ತಿಂಗಳಲ್ಲಿ, ಅಲ್ಲಿನ ಮಳೆ ಮತ್ತು ಚಳಿಯ ಕಾಲ ಆರಂಭವಾಗುವ ಹೊತ್ತಿಗೆ, ಅವರ ಗುಡಿಸಲುಗಳನ್ನು ಬುಲ್ಡೋಜರ್‌ನಿಂದ ಕೆಡವಿ ಸುಡಲಾಯಿತು. 510 ಮಕ್ಕಳೂ 390 ಹಿರಿಯರೂ ಆಟದ ಮೈದಾನದಲ್ಲಿ ಪ್ಲಾಸ್ಟಿಕ್ ಹೊದಿಸಿಕೊಂಡು ಕುಳಿತರು. ಮಕ್ಕಳ ಹಕ್ಕಿನ ಆಧಾರದ ಮೇಲೆ ಮಕ್ಕಳಿಗೂ ಅವರ ತಂದೆತಾಯಿಗೂ ಆಶ್ರಯ ಕೊಡಬೇಕೆಂದು ಹೈಕೋರ್ಟು ಹೇಳಿತು. ಹಾಗಾದರೆ ಮಕ್ಕಳಿಲ್ಲದವರ ಗತಿಯೇನು? ಸಂವಿಧಾನ ನ್ಯಾಯಾಲಯದಲ್ಲಿ ಮಾನವ ಹಕ್ಕುಗಳ ಆಯೋಗದೊಂದಿಗೆ ಅಮಿಕಸ್ ಕ್ಯೂರಿಯಾಗಿ ನಿಂತ ಕಮ್ಯುನಿಟಿ ಲಾ ಸೆಂಟರ್, 26ನೇ ವಿಧಿಯಂತೆ ಈ ಹಕ್ಕು ಅಲ್ಲಿದ್ದ ಎಲ್ಲರದ್ದೂ ಎಂದು ವಾದಿಸಿ ಮೊಕದ್ದಮೆಯ ವ್ಯಾಪ್ತಿಯನ್ನೇ ಹಿಗ್ಗಿಸಿತು. ತಲೆಯ ಮೇಲೆ ಸೂರೇ ಇಲ್ಲದವರಿಗೆ ಏನೂ ಒದಗಿಸದ ವಸತಿ ಯೋಜನೆ ಸಂವಿಧಾನಕ್ಕೆ ಸರಿಹೊಂದದೆಂದು 2000ದ ಅಕ್ಟೋಬರ್ 4ರಂದು ತೀರ್ಪು ಬಂತು. ಬರೆದವರು ಭಾರತೀಯ ಮೂಲದವರೇ ಆದ, ಬಾಲ್ಯದಿಂದಲೇ ದೃಷ್ಟಿಹೀನರಾದ ನ್ಯಾಯಮೂರ್ತಿ ಝ್ಯಾಕ್ ಯಾಕೂಬ್.

2004ರಲ್ಲಿ ತುರ್ತು ವಸತಿ ಯೋಜನೆ ಬಂತು. ಐರೀನ್ ಗ್ರೂಟ್‌ಬೂಮ್ ಮಾತ್ರ 2008ರಲ್ಲಿ ಗುಡಿಸಲಿನಲ್ಲಿದ್ದಾಗಲೇ ತೀರಿಕೊಂಡರು. ತೀರ್ಪು ವಿಶ್ವವಿದ್ಯಾನಿಲಯಗಳ ಪಠ್ಯವಾಯಿತು, ಆಕೆಗೆ ಮನೆಯಾಗಲಿಲ್ಲ. ನ್ಯಾಯಾಲಯದಿಂದ ಮನೆಬಾಗಿಲಿನವರೆಗಿನ ದಾರಿಯಲ್ಲಿ ನಿಂತಿರುವುದು ನಗರಸಭೆ. ಹಣ, ಜಾಗ, ಸಿಬ್ಬಂದಿ ಎಲ್ಲದಕ್ಕೂ ಅಲ್ಲೇ ಲೆಕ್ಕಾಚಾರ. ಖಾಸಗಿ ಜಾಗದಿಂದ ಹೊರಹಾಕಲ್ಪಟ್ಟು ನಿರ್ಗತಿಕರಾದವರಿಗೂ ನಗರಸಭೆ ತಾತ್ಕಾಲಿಕ ವಸತಿ ಕೊಡಬೇಕೆಂದು ಜೋಹಾನ್ಸ್‌ಬರ್ಗಿನ ಬ್ಲೂ ಮೂನ್‌ಲೈಟ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದ್ದು 2011ರಲ್ಲಿ.

2002ರ ನೆವಿರಪಿನ್ ಪ್ರಕರಣದಲ್ಲೂ, ಅಂದರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವ ಔಷಧಿಯನ್ನು ಸರಕಾರ ಕೆಲವೇ ಕೇಂದ್ರಗಳಿಗೆ ಸೀಮಿತಗೊಳಿಸಿದ್ದ ಮೊಕದ್ದಮೆಯಲ್ಲೂ, ಸಂಸ್ಥೆ ಅಮಿಕಸ್ ಆಗಿತ್ತು. ಮಕ್ಕಳ ಹಕ್ಕು, ಬಂದೀಖಾನೆ ಸುಧಾರಣೆಗಳ ಬಗ್ಗೆಯೂ ಅದರ ವಿಭಾಗಗಳು ಕೆಲಸ ಮಾಡಿವೆ.

ನಮ್ಮ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಸುದ್ದಿಯಾಗದ ಕೆಲಸ. ಸಂಸ್ಥೆಯ ನಿಕೋ ಸ್ಟೈಟ್ಲರ್ ಮತ್ತು ಯಾಪ್ ಡಿ ವಿಸರ್ ಸ್ಥಳೀಯಾಡಳಿತ ಕಾನೂನಿನ ಬಗ್ಗೆ ಬೃಹತ್ ಗ್ರಂಥ ಬರೆದಿದ್ದಾರೆ. ‘ಲೋಕಲ್ ಗವರ್ನ್‌ಮೆಂಟ್ ಬುಲೆಟಿನ್’ ಎಂಬ ಪತ್ರಿಕೆ ಸ್ಥಳೀಯಾಡಳಿತಕ್ಕೆ ಸಂಬಂಧಿಸಿದ ತೀರ್ಪುಗಳನ್ನೂ ಕಾಯಿದೆಗಳನ್ನೂ ಸರಳವಾಗಿ ವಿವರಿಸುತ್ತದೆ. 139ನೇ ವಿಧಿಯಂತೆ ಪ್ರಾಂತವು ನಗರಸಭೆಯ ಕೆಲಸದಲ್ಲಿ ಯಾವಾಗ ಕೈಹಾಕಬಹುದು, ಯಾವಾಗ ಕೂಡದು ಎಂಬಂಥ ತೊಡಕಿನ ಪ್ರಶ್ನೆಗಳು ಇಲ್ಲಿ ಚರ್ಚೆಗೆ ಬರುತ್ತವೆ. ನೀರು, ವಿದ್ಯುತ್, ಮನೆ ಸಿಗದೆ ಜನ ಬೀದಿಗಿಳಿದ ಪ್ರತಿಭಟನೆಗಳ ಲೆಕ್ಕವನ್ನು 2007ರಿಂದ ಹಿಡಿದು ‘ಸಿವಿಕ್ ಪ್ರೊಟೆಸ್ಟ್ಸ್ ಬ್ಯಾರೋಮೀಟರ್’ ಎಂಬ ವರದಿಗಳಲ್ಲಿ ಕೊಟ್ಟಿದೆ.

ಚಿಕ್ಕ ಸಮುದಾಯ ತಾನೇ ಮಾಡಬಲ್ಲುದನ್ನು ದೊಡ್ಡದು ಕಸಿದುಕೊಳ್ಳಬಾರದೆಂಬುದು 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ತಮ್ಮ ‘ಕ್ವಾದ್ರಾಜೆಸಿಮೊ ಆನ್ನೊ’ ಪರಿಪತ್ರದಲ್ಲಿ ಸಾರಿದ ಬೋಧನೆ. ಊರಾಡಳಿತದ ಈ ಚರ್ಚೆ ಕಥೋಲಿಕರಿಗೆ ಹೊಸದಲ್ಲ.

ಸ್ಥಳೀಯ ಸಭೆಗಳ ಅವಧಿ ಐದು ವರ್ಷ ಮೀರಬಾರದು, ಅವಧಿ ಮುಗಿದ 90 ದಿನಗಳೊಳಗೆ ಚುನಾವಣೆ ನಡೆಯಬೇಕೆಂದು ದಕ್ಷಿಣ ಆಫ್ರಿಕಾದ 159ನೇ ವಿಧಿ ಹೇಳುತ್ತದೆ. ನಮ್ಮ 243ಇ ವಿಧಿಯಾದರೋ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಿರಬೇಕೆಂದು ಇನ್ನೂ ಕಟ್ಟುನಿಟ್ಟಾಗಿ ವಿಧಿಸುತ್ತದೆ. ಹಾಗಿದ್ದೂ ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಪಂಚಾಯತ್ ಕೆಲಸದಲ್ಲಿರುವವರೂ ಕಾನೂನು ವಿದ್ಯಾರ್ಥಿಗಳೂ ಮೇಲೆ ಹೇಳಿದ ಬುಲೆಟಿನ್ನನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು.