ಉಡಿಯ ಅಕ್ಕಿ, ಹೊಲದ ಪಾಲು

ನಮ್ಮ ಸುರಪುರ, ಶಹಾಪುರ, ಯಾದಗಿರಿ ಸೀಮೆಯಲ್ಲಿ ಮನೆ ಒಡೆದದ್ದಕ್ಕೆ ಲೆಕ್ಕ ಎರಡು. ಗಂಡಸರಿಗೆ ಹೊಲ ಹಂಚಿಕೆಯಾದ ದಿನ ಮನೆ ಒಡೆಯುತ್ತದೆ. ಹೆಂಗಸರಿಗೆ ಅತ್ತೆ, ನೆಗೆಣ್ಣಿಯರು ಬೇರೆ ಬೇರೆ ಒಲೆ ಹೂಡಿದ ದಿನ. ಈ ಎರಡೂ ಲೆಕ್ಕಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಗಳು ಬರುವುದಿಲ್ಲ. ಆಕೆಯನ್ನು ಬಿಟ್ಟು ನಮ್ಮ ಕುಟುಂಬಗಳ ಚರಿತ್ರೆ ಹೇಳಿದರೆ ಅರ್ಧ ಹೇಳಿದಂತೆ ಎಂದೇ ನನ್ನ ಅನಿಸಿಕೆ.

ಸುರಪುರವೆಂದರೆ 1858ರಲ್ಲಿ ಆಂಗ್ಲರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರು ನೆನಪಾಗುತ್ತಾರೆ. ಅವರು ಎಳೆಯರಿದ್ದಾಗ ಸಂಸ್ಥಾನದ ವ್ಯವಹಾರದಲ್ಲಿ ತಾಯಿ ರಾಣಿ ಈಶ್ವರಮ್ಮನವರ ಮಾತು ನಡೆಯುತ್ತಿತ್ತು. ಅಲ್ಲಿದ್ದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಆಕೆಯ ವಿಷಯ ಬರೆದಿದ್ದಾನೆ. ಅರಮನೆಯ ಮಾತು ಹಾಗಿರಲಿ, ಸಾಮಾನ್ಯರ ಮನೆಯಲ್ಲಿ ಹಿರಿಯ ಹೆಂಗಸಿನ ಅಧಿಕಾರ ಕಾಳಿನ ಕೋಣೆಯ ಕೀಲಿಕೈಗೆ ಮುಗಿಯುತ್ತಿತ್ತು.

1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ತಂದು ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತು. ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ಅದೇ ಕನ್ನಡ ಆಡುತ್ತಿದ್ದರೂ ಆ ಕಾಯಿದೆ ನಮ್ಮ ಅಜ್ಜಿಯಂದಿರಿಗೆ ಸಿಗಲಿಲ್ಲ. 1956ರ ಜೂನ್‌ನಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು, ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳದ್ದಾಗಿಯೇ ಉಳಿಯಿತು.

ಯಾರೂ ದೊಡ್ಡದಾಗಿ ಕೇಳಲೂ ಇಲ್ಲ. ಮಳೆ ನಂಬಿದ ಜೋಳದ ಹೊಲಕ್ಕೆ ಬೆಲೆ ಎಷ್ಟಿತ್ತು? ಬಿತ್ತಲು, ಕಳೆ ತೆಗೆಯಲು, ರಾಶಿ ಮಾಡಲು ಮನೆ ತುಂಬ ಕೈಗಳು ಬೇಕಿದ್ದವು, ಅಣ್ಣತಮ್ಮಂದಿರು ಕೂಡಿ ಇರುವುದೇ ಲಾಭವಾಗಿತ್ತು. ಮಗಳಿಗೆ ಪಂಚಮಿಗೊಂದು ಕರೆ, ಹೆರಿಗೆಗೆ ತವರು, ಹೊರಡುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಖಣ. ಇಷ್ಟೇ ಆಕೆಯ ಪಾಲು. ಆಕೆ ಅದನ್ನು ಹಿಗ್ಗಿನಿಂದಲೇ ಒಯ್ಯುತ್ತಿದ್ದಳು.

1980ರ ದಶಕದಲ್ಲಿ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ಬರತೊಡಗಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಭೂಮಿಗೆ ಬೆಲೆ ಬಂದ ಕೂಡಲೇ ಅಣ್ಣತಮ್ಮಂದಿರಿಗೆ ಬಾಂದುಕಲ್ಲು ನೆನಪಾಯಿತು, ಒಲೆಗಳು ಬೇರೆಯಾದವು.

ಅದೇ ಹೊತ್ತಿಗೆ ಕಾನೂನೂ ಬದಲಾಯಿತು. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದ ಹಕ್ಕು ಬಂತು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಮೇ ತಿಂಗಳಲ್ಲಿ ಮದುವೆಯಾದ ಅಕ್ಕ ಹೊರಗೆ, ಮರುವರ್ಷ ಮದುವೆಯಾದ ತಂಗಿ ಒಳಗೆ! 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಈ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾಗದದಲ್ಲಿ ಬಂದದ್ದು ಕಾಗದದಲ್ಲೇ ಹೋಗುವುದನ್ನೂ ನಾನು ನೋಡಿದ್ದೇನೆ. ಅಣ್ಣ ಕಾರು ಮಾಡಿಕೊಂಡು ಬರುತ್ತಾನೆ, ಸೀರೆ ಉಡಿಸಿ ನೋಂದಣಿ ಕಚೇರಿಗೆ ಕರೆದೊಯ್ಯುತ್ತಾನೆ. ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. "ಹೊಲ ಕೇಳಿದರ ತವರಿನ ಬಾಗಿಲು ಮುಚ್ಚತದವ್ವ" ಎನ್ನುವ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಆ ಹೆದರಿಕೆಯನ್ನು ದಡ್ಡತನವೆನ್ನಲು ನನ್ನಿಂದಾಗದು. ಗಂಡನ ಮನೆಯಲ್ಲಿ ಕಷ್ಟ ಬಂದರೆ ಆಕೆ ಹೋಗಬೇಕಾದದ್ದು ಅದೇ ಬಾಗಿಲಿಗೆ ತಾನೆ?

ಆದರೆ ಆ ಬಾಗಿಲೊಳಗೆ ಈಗ ಯಾರಿದ್ದಾರೆ? ಕಾಲುವೆ ತಲುಪದ ಊರುಗಳಿಂದ ಮಗ, ಸೊಸೆ ಬೆಂಗಳೂರಿಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆಂದು ಗುಳೆ ಹೋಗುತ್ತಾರೆ. ಯಾದಗಿರಿ ಸ್ಟೇಷನ್ನಿನಲ್ಲಿ ಗಂಟುಮೂಟೆಯೊಡನೆ ರೈಲಿಗೆ ಕಾಯುವವರಲ್ಲಿ ಇಂಥವರೇ ಹೆಚ್ಚು. ಊರಲ್ಲಿ ಉಳಿಯುವವರು ಅಜ್ಜಿ, ಮೊಮ್ಮಕ್ಕಳು. ಅಜ್ಜಿಗೆ ಜ್ವರ ಬಂದರೆ ಪಕ್ಕದ ಊರಿನಿಂದ ಬಸ್ಸು ಹತ್ತಿ ಬರುವವಳು ಸಹಿ ಹಾಕಿಕೊಟ್ಟ ಮಗಳೇ. ತವರು ಆಕೆಯನ್ನು ಸಾಕುತ್ತಿದ್ದ ಕಾಲ ಹೋಗಿ, ಆಕೆ ತವರನ್ನು ನೋಡಿಕೊಳ್ಳುವ ಕಾಲ ಬಂದಿದೆ.

ಆದ್ದರಿಂದ ಗಂಡುಮಕ್ಕಳ ತಾಯಂದಿರಿಗೇ ನನ್ನ ಮಾತು. ಮಗಳ ಪಾಲಿನ ವಿಷಯವನ್ನು ನೀವು ಬದುಕಿರುವಾಗಲೇ, ಎಲ್ಲರೂ ಕೂಡಿದ ಒಂದು ಹಬ್ಬದಲ್ಲಿ ಎತ್ತಿರಿ. ನೀವು ಎತ್ತಿದರೆ ಅದು ಮನೆಯ ಮಾತು. ನೀವು ಹೋದಮೇಲೆ ಆಕೆ ಎತ್ತಿದರೆ ಜಗಳ. ಮಗಳು ಬಿಟ್ಟುಕೊಡುವುದಾದರೂ ಪತ್ರ ಓದಿಸಿಕೊಂಡು, ಬಿಡುತ್ತಿರುವುದು ಏನೆಂದು ತಿಳಿದು ಬಿಡಲಿ. ಉಡಿ ತುಂಬುವ ಕೈ ಪಾಲನ್ನೂ ಕೊಡಬಹುದು, ಎರಡಕ್ಕೂ ವೈರವೇನಿಲ್ಲ.